ನಾಲ್ಕನೇ ಅಧ್ಯಾಯದ ನದಿ

ಮೂರು ವಾರದಿಂದ ನನ್ನ ಸೈನ್ಯ
ನದಿ ದಂಡೆಯಲ್ಲೇ ಕೂತಿದೆ.
ಏಳು ಸಾವಿರ ಜನ, ಮಾತಾಡುವ ಎರಡು ಕುದುರೆ,
ಶಾಪಕ್ಕೆ ಕೈ ಕಲ್ಲಾದ ರಾಣಿ ವಿರಜೆ.
ದಾಟಿಸಬೇಕು. ಹೇಗೆ?

ಶಿಡ್ಲಘಟ್ಟದಲ್ಲಿ ಹುಟ್ಟಿದವಳು ನಾನು,
ತುಂಬಿದ ನದಿ ಕಂಡಿಲ್ಲ.
ನಮ್ಮ ಪಿನಾಕಿನಿ ಎಂದರೆ ಸೇತುವೆ ಕೆಳಗಿನ ಜಾಲಿಗಿಡ,
ಕ್ರಿಕೆಟ್ ಆಡುವ ಹುಡುಗರು.

ಗೂಡಿನ ಮಾರುಕಟ್ಟೆಯಲ್ಲಿ ತೂಕದ ಚೀಟಿ ಬರೆಯುವುದು ಕೆಲಸ.
ಹರಾಜು ಮುಗಿದು ಜಾಲರಿ ಖಾಲಿಯಾದ ಮೇಲೆ
ಉಳಿದ ಚೀಟಿಗಳ ಬೆನ್ನಿಗೆ ರಾಜ್ಯ ಕಟ್ಟುತ್ತೇನೆ.
ಈ ಬದಿ: ಲಾಟು ಹದಿನೆಂಟು, ನಲವತ್ತೆರಡು ಕೆ.ಜಿ.
ಆ ಬದಿ: ‘ಅಲೆಗಳು ಭೋರ್ಗರೆದವು’ –
ಹೊಡೆದು ಹಾಕಿದೆ. ಸುಳ್ಳಿನ ವಾಸನೆ.

ರೀಲರ್ ಮುಬಾರಕ್ ಸಾಬರಿಗೆ ಓದಿ ಹೇಳಿದೆ.
ಬೀಡಿ ಆರಿಸಿ ಕೇಳಿದರು:
‘ಕುದುರೆ ಮಾತಾಡ್ತದೆ ಅಂದ್ರೆ ನಂಬ್ತೀನಮ್ಮ.
ಅಷ್ಟು ಜನಕ್ಕೆ ಊಟ ಯಾರು ಹಾಕ್ತಾರೆ?’

ರಾತ್ರಿ ಕೂತು ಇಬ್ಬರು ಅಡುಗೆಯವರನ್ನು ಬರೆದೆ,
ನೂರು ಮೂಟೆ ರಾಗಿ ಬರೆದೆ.
ಆಮೇಲೆ ನದಿಯ ನೀರನ್ನೆಲ್ಲ ಅಳಿಸಿದೆ.

ಈಗ ಬರೀ ಮರಳು, ಅಂಗಾಲು ಸುಡುವ ಮರಳು.
ಕುದುರೆಗಳು ನನ್ನನ್ನು ಬೈಯುತ್ತ ದಾಟುತ್ತಿವೆ.
ರಾಣಿ ಮಾತ್ರ ನಡುವೆ ಕುಕ್ಕರಗಾಲಲ್ಲಿ ಕೂತು
ಕಲ್ಲಿನ ಕೈಯಿಂದ ಒರತೆ ತೋಡುತ್ತಿದ್ದಾಳೆ.
ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.
ಮೊಣಕೈವರೆಗೂ ಇಳಿದಳು.
ಚೀಟಿ ಮುಗಿಯಿತು.