ಚಲೋ ಗಾಲೀನೂ ತಾಸಬೇಕು

ಪದ್ದೀ, ಈ ನೋಟಬುಕ್ಕು ನಿನಗ.
ಒಳಗ ಎಲ್ಲರ ಎಣ್ಣಿ ಕಲಿ ಇದ್ರ ಬೈಬ್ಯಾಡ,
ಮೂವತ್ತಾರು ವರ್ಷದ್ದು, ತೊಳದ್ರ ಹೋಗೂದಲ್ಲ.

ಹುಬ್ಬಳ್ಳಿ ರೈಲ್ವೆ ವರ್ಕಶಾಪಿನ್ಯಾಗ
ನಾ ಗಾಲಿ ಲೇಥಿನ ಮುಂದ ನಿಂತಾವ.
ಒಂದು ಅಚ್ಚಿಗೆ ಎರಡು ಗಾಲಿ.
ಓಡಿ ಓಡಿ ಒಂದು ಸವದಿರ್ತೈತಿ,
ಇನ್ನೊಂದು ಇನ್ನೂ ಮೈತುಂಬ ಉಕ್ಕು.
ಮೊದಲನೇ ದಿನ ಸವದದ್ದನ್ನಷ್ಟ ತಿದ್ದಿ ಇಳಿಸಿದ್ದೆ.
ಚಾರ್ಜಮನ್ ಮಕ್ತುಮಸಾಬ್ರು ಗೇಜ್ ಹಚ್ಚಿ ನೋಡಿ
"ಚಲೋದನ್ನೂ ತಾಸೋ" ಅಂದ್ರು.
"ಅದೇನ್ ತಪ್ಪ ಮಾಡೇತ್ರಿ ಸಾಹೇಬ್ರ?"
"ತಪ್ಪಿಲ್ಲ. ದೊಡ್ಡದಾಗೇತಿ, ಅಷ್ಟ.
ಅರ್ಧ ಮಿಲಿಮೀಟರಿನ ಮ್ಯಾಲೆ ಹ್ವಾದ್ರ
ಜೋಡೀನ ಎಳಕೊಂಡು ಹಳಿ ಬಿಡತೈತಿ."
ಸುರುಳಿ ಸುರುಳಿ ಬಿದ್ದ ಆ ನೀಲಿ ಉಕ್ಕು ನೋಡಿ
ಅವತ್ತು ರೊಟ್ಟಿ ಇಳೀಲಿಲ್ಲ.

ಈಗ ರೊಕ್ಕದ ಮಾತು.
ರಿಟೈರ್ ಆದಾಗ ಬಂದ ಗಂಟನ್ನ
ನಲವತ್ತು ಪಾಲು ಶೇರಿನ್ಯಾಗ,
ಅರವತ್ತು ಸರಕಾರಿ ಬಾಂಡಿನ್ಯಾಗ ಇಟ್ಟೇನಿ.
ಒಂದು ನಿದ್ದಿ ಕೆಡಿಸ್ತೈತಿ;
ಇನ್ನೊಂದು ಆರು ತಿಂಗಳಿಗೊಮ್ಮೆ ಬಡ್ಡಿ ಇಟ್ಟು
ಪೋಸ್ಟಮನ್ನನಂಗ ಮಾತಿಲ್ಲದ ಹೋಗತೈತಿ.
ನಿಮ್ಮ ಕಾಕುಗ ಎರಡನೇದ ಸೇರತೈತಿ.
"ಎಲ್ಲಾ ಅಲ್ಲೇ ಇಡಬಾರದೇನ್ರಿ?"
ಹತ್ತು ವರ್ಷದ ಹಿಂದಿನ ಕಿರಾಣಿ ಚೀಟಿ ತಗದು
ತೊಗರಿಬ್ಯಾಳಿ ಸಾಲಿನ ಮ್ಯಾಲೆ ಬೆರಳಿಟ್ಟೆ.
ಸುಮ್ಮನ ಒಳಗ ಹ್ವಾದ್ಲು.

ವರ್ಷಕ್ಕೊಮ್ಮೆ ಗೇಜ್ ಹಚ್ಚು. ಬನ್ನಿ ಮರುದಿನ,
"ಬಂಗಾರಧಂಗ ಇರೂಣು" ಅಂದು ಎಲಿ ಕೊಟ್ಟವರೆಲ್ಲಾ
ಹೊಳ್ಳಿ ಹ್ವಾದಮ್ಯಾಲೆ.
ನಲವತ್ತು ನಲವತ್ತೆಂಟಾಗಿದ್ರ ಎಂಟು ತಾಸು,
ಬಾಂಡಿಗೆ ಹಾಕು.
ಲೇಥಿನ್ಯಾಗ ತಾಸಿದ್ದು ಗುಜರಿಗೆ ಹೋಗ್ತಿತ್ತು;
ಇಲ್ಲಿ ಅದ ಚೂರು ಆಚೀ ಗಾಲಿಗೆ ಮೈಯಾಗತೈತಿ.
ಈ ಸುಖ ಪಾಪ ಮಕ್ತುಮಸಾಬ್ರಿಗೆ ಸಿಗಲಿಲ್ಲ.

ಮಂದಿ ನಗತಾರ. ನಗಲಿ.
ಕೇಶ್ವಾಪುರದ ಚಾದಂಗಡ್ಯಾಗ ಫಿಟ್ಟರ್ ಬಸಣ್ಣೆಪ್ಪ ಅಂದಿದ್ದ:
"ಹಿಂಡೂ ಎಮ್ಮಿ ಮಾರಿ ಗೊಡ್ಡ ಕಟಗೊಂಡಾನ, ನೋಡ್ರೋ."
ಆ ವರ್ಷ ಶೇರು ಇನ್ನೂ ಏರಿತು,
ಅವನ ಧ್ವನೀನೂ ಏರಿತು.
ನಾ ಎರಡು ತಿಂಗಳು ಬ್ಯಾರೆ ಅಂಗಡ್ಯಾಗ ಚಾ ಕುಡದೆ.

ಆಮ್ಯಾಲೆ ರೈಲು ನಿಂತ ವರ್ಷ ಬಂತು.
ಸಿಟಿ ಕೇಳದ ಮುಂಜಾನಿ, ಖಾಲಿ ಹಳಿ ಮ್ಯಾಲೆ ನಾಯಿ.
ನಲವತ್ತು ಇಳದು ಇಪ್ಪತ್ತೊಂಬತ್ತು.
ಐದರ ಮ್ಯಾಲೆ ತಪ್ಪಿದ್ರ ಬನ್ನಿ ಕಾಯಬಾರದು,
ಇದು ನಾನ ಬರದ ನಿಯಮ.
ಗಟ್ಟಿ ಇದ್ದದ್ದನ್ನ ಮಾರಿ, ಬೀಳೂದನ್ನ ಕೊಳ್ಳಬೇಕು.
ಮೂರು ದಿನ ಕೈ ಏಳಲಿಲ್ಲ, ಪದ್ದೀ.
ನಾಕನೇ ದಿನ ಕೊಂಡೆ, ಬೇಕಾದ್ದರಾಗ ಅರ್ಧ.
ಉಳಿದರ್ಧ ಅಂಜಿಕಿ ತಿಂತು.
ಅದೂ ಬರದೈತಿ, ಪುಟ ಹತ್ತೊಂಬತ್ತು. ಹರೀಬ್ಯಾಡ.

"ಎಪ್ಪತ್ತೊಂದಾತು, ಇಷ್ಟುದ್ದ ಲೆಕ್ಕ ಯಾಕೋ ಮಾರಾಯಾ?"
ಅಂತ ಬ್ಯಾಂಕಿನಾವನೂ ಕೇಳತಾನ.
ಉದ್ದ ನನಗಲ್ಲ.
ಕಸ್ತೂರಿ ಹುಟ್ಟಿದಾಗ ಡಾಕ್ಟರು
"ಇಪ್ಪತ್ತು ದಾಟೂದು ಕಷ್ಟ" ಅಂದಿದ್ರು.
ಈಗ ಮೂವತ್ತನಾಕು. ಕೂಸಿನ ನಗಿ ಹಂಗ ಐತಿ.
ಆಕಿ ಊಟ, ಗುಳಿಗಿ, ಜೋಡಿಗಿರೂ ಹೆಣ್ಮಗಳ ಪಗಾರ:
ಇಂಜಿನ್ ಕಳಚಿದಮ್ಯಾಲೂ ಓಡಬೇಕಾದ ಡಬ್ಬಿ ಇವು.
ಅದಕ್ಕ ನಿನ್ನ ಕೈಯಾಗ ಗೇಜ್ ಕೊಡಾಕ್ಹತ್ತೇನಿ.

ಬಾಂಡಿನ ಕಾಗದ ರವಾ ಡಬ್ಬಿ ಹಿಂದ ಅದಾವ.
ಪೇಪರ್ ಏನರ ಬರೀಲಿ, ಓದು, ಮಡಚಿಡು.
ಚಲೋದನ್ನ ತಾಸೂ ಮುಂದ ಹೊಟ್ಟಿ ಉರೀತೈತಿ,
ಉರೀಲಿ. ಕಣ್ಣ ಮಾತ್ರ ಮುಚ್ಚಬ್ಯಾಡ.

ಇದನ್ನ ಬರಿಯೂ ಹೊತ್ತಿಗೆ ಗೂಡ್ಸ್ ಬಂತು.
ಕಸ್ತೂರಿ ಕಟ್ಟಿ ಮ್ಯಾಲೆ ಕುಂತು ಎಣಸಾಕ್ಹತ್ತ್ಯಾಳ.
ಆಕಿಗೆ ಐದರ ಮುಂದ ಬರೂದಿಲ್ಲ.
ಒಂದು, ಎರಡು, ಮೂರು, ನಾಕು, ಐದು,
ಬೇಜಾರಿಲ್ಲದ ಮತ್ತ ಒಂದು.
ಐವತ್ತೆಂಟು ಡಬ್ಬಿ. ಗಾರ್ಡ್ ಕೈ ಮಾಡೂತನಕ.