ಎಡ ಸೊಂಟದ ಕಲೆ

ಹದಿನಾಲ್ಕು ವರ್ಷ ಅವನ ಅಂಗಿ ಒಗೆದವಳು ನಾನು.
ಗೋಲು ಹೊಡೆಯುವವರದ್ದು ಒಂದೇ ನೀರಿಗೆ ಶುಭ್ರ.
ಕೆರ್ವೆಲಾನದ್ದು ಹಾಗಲ್ಲ: ಎಡ ಸೊಂಟದ ಹತ್ತಿರ
ಹುಲ್ಲು, ಕೆಸರು, ಒಮ್ಮೊಮ್ಮೆ ಯಾರದೋ ರಕ್ತ.
ಜಾರಿ ಬಿದ್ದು ತಡೆದದ್ದಕ್ಕೆ
ಬೇರೆ ಲೆಕ್ಕ ಯಾರಿಟ್ಟಿದ್ದಾರೆ?

ಹೊಡೆದದ್ದು ಎರಡೇ ಗೋಲು. ಒಂದು ನಮ್ಮದೇ ಬಲೆಗೆ.
ಆ ಸೋಮವಾರ ಲೊರಿಯಾಂ ಬಂದರಿನ ಮೀನುಕಟ್ಟೆಯಲ್ಲಿ
ತಲೆ ತಗ್ಗಿಸಿ ಸಾಲಿನಲ್ಲಿ ನಿಂತಿದ್ದ.
ಮುದುಕಿ ನೊಲ್ವೆನ್ ಬಂಗುಡೆ ತೂಗಿ,
ಮೇಲೊಂದು ಹಾಕಿ, ಗದರಿದಳು:
"ಬಲೆ ಅಂದಮೇಲೆ ಏನಾದರೂ ಬೀಳಬೇಕಲ್ಲ, ಹೋಗು!"

ದೊಡ್ಡ ಊರಿನವರು ದುಡ್ಡು ಹಿಡಿದು ಬಂದಿದ್ದರಂತೆ.
ಹೋಗಲಿಲ್ಲ. ಯಾಕೆಂದು ಪೇಪರಿನವರು ಕೇಳಿದರೆ
ಮೊಣಕಾಲು ತೋರಿಸಿ ನಕ್ಕ.

ಈಗ ಶಾಲೆಯ ಹಿಂದಿನ ಬಯಲಲ್ಲಿ ಹುಡುಗರ ಜಗಳ:
"ನಾನು ಕೆರ್ವೆಲಾ!" "ಇಲ್ಲ, ನಾನು!"
ಮುಂದೆ ಆಡಲು ಒಬ್ಬನೂ ಇಲ್ಲ.
ಎಲ್ಲರೂ ಹಿಂದೆ ನಿಂತು
ಬಾರದ ಚೆಂಡಿಗೆ ಕಾಯುತ್ತಾರೆ.

ಕೊನೆಯ ಆಟದ ಅಂಗಿ ಶನಿವಾರ ರಾತ್ರಿ ಬಂತು.
ನೆನೆಹಾಕಿದೆ, ಸೋಪು ಹಚ್ಚಿದೆ,
ಉಜ್ಜಲು ಹೋದರೆ ಕೈ ತಡೆಯಿತು.
ಇರಲಿ ಬಿಡು,
ಅದೂ ಒಂದು ಕಲೆ.