ತಗಡಿನ ಈಚೆ

ಕಂಪಾಲಾದ ಬ್ವಾಯಿಸೆಯಲ್ಲಿ, ಕಾಲುವೆ ತಿರುಗುವ ಕಡೆ,
ವಿಡಿಯೊ ಹಾಲ್‌ನ ತಗಡುಗೋಡೆಗೆ ಬೆನ್ನು ಕೊಟ್ಟು
ಗೊಂಜಾ ಸುಡುತ್ತೇನೆ ನಾನು, ನಲುಗ್ವಾ.
ಗೊಂಜಾ ಅಂದರೆ ದಪ್ಪ ಬಾಳೆ,
ಹಣ್ಣಾಗಿರಬೇಕು, ಮೆತ್ತಗಾಗಿರಬಾರದು.
ಹನ್ನೊಂದು ವರ್ಷದಲ್ಲಿ ಎಷ್ಟು ಸಿನಿಮಾ ಆಯಿತೋ ಲೆಕ್ಕವಿಲ್ಲ.
ಒಂದನ್ನೂ ನೋಡಿಲ್ಲ.
ಯಾವುದರ ಬಗ್ಗೆ ಬೇಕಾದರೂ ಹೇಳಬಲ್ಲೆ.

ಈ ವಾರದ ಹೊಡೆದಾಟದ್ದು ಮೊದಲು.
ನಾಯಕ ಯಾರನ್ನೋ ಹುಡುಕುತ್ತಿದ್ದ, ಮಗಳನ್ನೋ ತಮ್ಮನನ್ನೋ;
ಹುಡುಕುವವನು ಅಷ್ಟು ಗದ್ದಲ ಮಾಡುತ್ತಾನೆಯೇ?
ಗುಂಡು ಎಣಿಸಿದೆ. ನಲವತ್ತಕ್ಕೆ ಬಿಟ್ಟೆ.
ನನ್ನ ಇದ್ದಿಲು ಮುಗಿಯಿತು, ಅವನ ಗುಂಡು ಮುಗಿಯಲಿಲ್ಲ.
ಒಂದು ಮಾತ್ರ ಚೆನ್ನಾಗಿತ್ತು:
ಎಲ್ಲರೂ ಸತ್ತ ಮೇಲೆ ಅವನು ನೀರು ಕುಡಿದ,
ಗುಟುಕು ಗುಟುಕಾಗಿ, ಗಂಟಲು ಕೇಳಿಸುವ ಹಾಗೆ.
ಬೋಡಾ ಓಡಿಸುವ ಲುಬೆಗಾನನ್ನು ಕೇಳಿದೆ.
'ನೀರಾ? ಯಾವ ನೀರು?' ಎಂದು
ಬಾಯಲ್ಲೇ ಮೆಷಿನ್ ಗನ್ ಹೊಡೆಯುತ್ತ ಬೈಕ್ ಹತ್ತಿ ಹೋದ,
ಐನೂರು ಶಿಲ್ಲಿಂಗ್ ಬಾಕಿ ಉಳಿಸಿ.

ಇನ್ನೊಂದಿತ್ತು, ಹಲ್ಲಿಯೊಂದು ಊರು ತಿನ್ನುವುದು.
ಪಾಪದ ಪ್ರಾಣಿ. ಹಸಿದಿತ್ತು ಅಷ್ಟೆ, ಕೂಗಿನಲ್ಲೇ ತಿಳಿಯುತ್ತಿತ್ತು.

ಆಕಾಶದ್ದು ಹಿಡಿಸಲಿಲ್ಲ, ಕಾರಣವಿದೆ.
ಮೇಲೆ ಗಾಳಿಯಿಲ್ಲವಂತೆ, ಗಾಳಿಯಿಲ್ಲದ ಕಡೆ ಸದ್ದಿಲ್ಲವಂತೆ.
ಹಡಗು ಒಡೆಯಿತಂತೆ: ಸದ್ದಿಲ್ಲ.
ಒಬ್ಬಳು ಕೈಜಾರಿ ತೇಲಿಹೋದಳಂತೆ: ಸದ್ದಿಲ್ಲ.
ಹುಡುಗರು ಹೊರಬಂದು ಕಣ್ಣರಳಿಸಿದರು,
ನನ್ನ ಪಾಲಿಗೆ ಅದು ಒಂದೂವರೆ ತಾಸಿನ ತಗಡು.
ವೀಜೇ ಸೆಂಪಾಲ ಇಲ್ಲದಿದ್ದರೆ ತೂಕಡಿಸುತ್ತಿದ್ದೆ.
ಇಂಗ್ಲಿಷ್ ಚಿತ್ರಕ್ಕೆ ಲುಗಾಂಡದ ಬಾಯಿ ಕೊಡುವವನು ಅವನು,
ಅವನು ಮೈಕು ಹಿಡಿದರೆ ಸತ್ತವರೂ ಎರಡು ಮಾತಾಡಿ ಸಾಯುತ್ತಾರೆ.
ತೇಲಿಹೋಗುವವಳಿಂದ ಹೇಳಿಸಿದ:
'ಅಯ್ಯೋ, ಪೂರ್ತಿ ತಿಂಗಳಿನ ಬಾಡಿಗೆ ಕಟ್ಟಿ ಬಂದಿದ್ದೆನಲ್ಲ!'
ಒಳಗಿನ ನಗುವಿಗೆ ನನ್ನ ಬೆನ್ನ ತಗಡು ನಡುಗಿತು.
ಆಮೇಲೆ, 'ಭೂಮಿಯಿಂದ ಏನೋ ಘಮ ಬರುತ್ತಿದೆ ಕ್ಯಾಪ್ಟನ್,
ನಲುಗ್ವಾಳ ಗೊಂಜಾ ಇರಬೇಕು.'
ಆರು ಖರ್ಚಾದವು. ಆದರೂ ಚಿತ್ರ ಸುಮಾರು.

ಶುಕ್ರವಾರ ದೆವ್ವದ್ದು.
ದೆವ್ವದ ಸಿನಿಮಾ ಮಾಡುವುದೇ ಕೇಳುವವರಿಗೆ.
ನೋಡುವವರಿಗೆ ಮುಚ್ಚಿಕೊಳ್ಳಲು ರೆಪ್ಪೆ ಇವೆ,
ಕಿವಿಗೆ ದೇವರು ಏನು ಕೊಟ್ಟ?
ಮರದ ಮಹಡಿ. ಬರಿಗಾಲು. ತೆವಳಿಕೊಂಡು ಬರುವ ಏನೋ.
ಒಂದು ಮಗು ಲೆಕ್ಕ ಹೇಳುತ್ತಿತ್ತು, ಏಳಾದ ಮೇಲೆ ಮತ್ತೆ ಏಳು.
ಒಲೆಯ ಮೇಲಿನದು ಕರಿಕಾಯಿತು.
ನಾಚಿಕೆ ಬಿಟ್ಟು ಹೇಳುತ್ತೇನೆ,
ಬೆನ್ನನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದುಕೊಂಡೆ.

ಆಗ ಕರೆಂಟು ಹೋಯಿತು.

ನನ್ನ ಕೆಂಡ ಬಿಟ್ಟರೆ ಬ್ವಾಯಿಸೆಯೆಲ್ಲ ಕಪ್ಪು.
ಒಳಗೆ ಕೂಗಾಟ, 'ದುಡ್ಡು ವಾಪಸ್ ಕೊಡು', ಬೆಂಚು ಉರುಳಿದ್ದು,
ನಡುವೆ ಸೆಂಪಾಲನ ಗಂಟಲು, ಮೈಕಿಲ್ಲದ್ದು, ತುಸು ಒಡಕು:
'ಕೂತ್ಕೊಳ್ಳಿ. ಮಗು ಇನ್ನೂ ಎಣಿಸ್ತಾ ಇದೆ.'
ಕೂತರು.
ಅರ್ಧ ತಾಸು ಹೇಳಿದ. ಬಾಗಿಲ ಕಿರುಗುಟ್ಟುವಿಕೆ ಅವನ ಹಲ್ಲು,
ಬರಿಗಾಲು ಅವನ ಅಂಗೈ, ಬೆಂಚಿನ ಮೇಲೆ.
ಮಹಡಿಮನೆ ಮೆಲ್ಲಗೆ ನಮ್ಮ ಓಣಿಗೆ ಇಳಿಯಿತು.
ತೆವಳಿಕೊಂಡು ಬರುವ ಆ ಏನೋ ಕಾಲುವೆಯ ನೀರಾಯಿತು,
ನಡುರಾತ್ರಿ ಬಾಗಿಲ ಸಂದಿಯಲ್ಲಿ ನುಗ್ಗಿ
ಮಂಚದ ಕಾಲು ಹಿಡಿಯುವ ನೀರು.
ಮಗು ಎಣಿಸುತ್ತಿದ್ದದ್ದು ಮನೆಯವರನ್ನು.
ಏಳು ಜನ ಮಲಗಿದ್ದರು,
ಏಳು ಜನ ಎದ್ದರೋ ಅಂತ.

ಅರವತ್ತು ಜನ ಉಸಿರು ಹಿಡಿದದ್ದು ಈಚೆಗೆ ಕೇಳಿಸಿತು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಅವರಿಗೂ ನನಗೂ ಒಂದೇ ಬೆಂಚು.

ಶನಿವಾರ ಉಳಿದದ್ದನ್ನು ಹಾಕಿದರು.
ಪಾದ್ರಿಯೊಬ್ಬ ಬಂದ, ಗಾಜುಗಳು ಒಡೆದವು, ದೆವ್ವ ಸುಟ್ಟುಹೋಯಿತು.
ಲುಬೆಗಾ ಹೊರಬಂದು ಬೈಕಿನ ಮೇಲೆ ಸುಮ್ಮನೆ ಕೂತ.
'ಸಪ್ಪೆ,' ಎಂದ. 'ಅದರ ಕೊನೆ ಇದಲ್ಲ.'
ಕೇಳದೆಯೇ ಬಾಕಿ ಐನೂರು ಕೊಟ್ಟ, ಒಂದು ಗೊಂಜಾ ತೆಗೆದುಕೊಂಡ.
ಕಿಕ್ ಹೊಡೆಯಲು ಕಾಲೆತ್ತಿದವನು ನಿಂತ:
'ಆ ನಾಯಕ ನೀರು ಕುಡಿದ ಅಂದೆಯಲ್ಲ, ಎಷ್ಟು ಗುಟುಕು?'

ಐದು, ಎಂದೆ.
ಕೊನೆಯದು ಅರ್ಧ.